ತಮ್ಮನ ಹೆಸರಿನ ಕೆಳಗೆ

ಇದನ್ನು ಹೇಳುವ ಅರ್ಹತೆ ನನಗಿಲ್ಲ, ಕ್ಷಮಿಸಿ, ತಪ್ಪು ನನ್ನದೇ. ವಸುಮತಿಯಮ್ಮನವರ ತಾಯಿ ತೀರಿಕೊಂಡಾಗ, ಬಂಧುಗಳು ಹೆಸರು ಹಾಕಿ ಎರಡು ಮಾತು ಬರೆಯಲೆಂದು ಶ್ರದ್ಧಾಂಜಲಿಯ ವೆಬ್ ಪುಟ ಮಾಡಿಕೊಟ್ಟವನು ನಾನು. ಬಣ್ಣದ ಅಕ್ಷರ ಬರಲೆಂದು, ಬರೆದದ್ದನ್ನು ಬರೆದ ಹಾಗೇ ತೋರಿಸುವ ಎನ್‌ಕೋಡಿಂಗ್ ಆಫ್ ಮಾಡಿದ್ದೆ.

ಪುಟದಲ್ಲಿ ವಸುಮತಿಯಮ್ಮನ ತಮ್ಮನ ಹೆಸರಿನ ಕೆಳಗೆ ಖಾಲಿಯಿತ್ತು.

“ಹೆಸರು ಬರೆದು ಕೈ ತೊಳ್ಕೊಂಡ. ಅವನನ್ನ ತಿಥಿಗೆ ಕರೆಯೋದು ಬೇಡ,” ಅಂದಿದ್ದರು ವಸುಮತಿಯಮ್ಮ.

ಆರು ವರ್ಷದ ಮೇಲೆ ಎನ್‌ಕೋಡಿಂಗ್ ಆನ್ ಮಾಡಿದೆ. ತಮ್ಮನು < > ಗುರುತುಗಳೊಳಗೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವನ್ನು, ತನಗೆ ಕೊಟ್ಟ ಆಜ್ಞೆಯೆಂದುಕೊಂಡು ಬ್ರೌಸರ್ ಮರೆಮಾಡಿತ್ತು. ಈಗ ಕಾಣಿಸಿತು. ವಸುಮತಿಯಮ್ಮನಿಗೆ ಓದಿ ಹೇಳಿದೆ:

“ಅಕ್ಕಾ, ಜಗಳ ಸಾಕು. ನೀನು ಕರೆದ್ರೆ ಬರ್ತೀನಿ.”

ವಸುಮತಿಯಮ್ಮನ ಮುಖ ಅರಳಿತು. “ಇವತ್ತು ಬರೆದನಾ?”

“ಇಲ್ಲಮ್ಮ. ಆವತ್ತೇ.”

ಅವರು ಫೋನ್ ಮಾಡಿದ ನಂಬರು ಈಗ ಬೇರೆ ಯಾರದೋ. ತಮ್ಮ ಎಲ್ಲಿದ್ದಾನೋ ನನಗೆ ಗೊತ್ತಿಲ್ಲ.