ಮನುಷ್ಯರಿಂದಾಗದ ಕೆಲಸ

“ಕಲ್ಲು ಅಲುಗಾಡಬಾರದು. ಬರೀ ತಿಣುಕಿ, ಸಾಕು” ಎಂದ ಪ್ರೊಫೆಸರ್, ಮೊಬೈಲನ್ನು ಹೆಂಡತಿಯ ಕೈಗೆ ಕೊಡುತ್ತ.

ಅವನು ಯಾವ ಕಾಲೇಜಿನಲ್ಲೂ ಪಾಠ ಮಾಡಿದವನಲ್ಲ. ಈಜಿಪ್ಟಿನ ಪಿರಮಿಡ್ಡುಗಳನ್ನು ಬೇರೆ ಗ್ರಹದವರು ಬಂದು ಕಟ್ಟಿದರೆಂದು ವಿಡಿಯೊಗಳಲ್ಲಿ ಸಾರಿ ಸಾರಿ ಆ ಹೆಸರು ಗಿಟ್ಟಿಸಿಕೊಂಡಿದ್ದ. ಈಗ ಸಾಕ್ಷಿ ಬೇಕಾಗಿ ತನ್ನದೇ ಬೀದಿಯ ಕಲ್ಲು ಕೆತ್ತುವ ಅಂಗಳಕ್ಕೆ ಬಂದಿದ್ದ. ಎರಡು ಟನ್ನಿನ ಕಲ್ಲು, ಮೇಸ್ತ್ರಿಯೂ ಸೇರಿ ಆರು ಆಳು.

“ಅಲ್ಲಾ ಸ್ವಾಮಿ, ಕೆಳಗೆ ನಾಲ್ಕು ದುಂಡನೆ ಮರ ಕೊಟ್ಟು ಹಾರೆ ಹಾಕಿ ಮೀಟಿದ್ರೆ ತಾನಾಗೇ ಬರತ್ತೆ. ಸುಮ್ನೆ ಯಾಕೆ ತಿಣುಕಬೇಕು?” ಎಂದ ಮೇಸ್ತ್ರಿ.

“ಅದನ್ನ ಆಮೇಲೆ ತೋರಿಸೋಣ. ಮೊದಲು ಬರಿಗೈ.”

ಆರೂ ಜನ ತಿಣುಕಿದರು. ಆಮೇಲೆ ಮರ ಕೊಟ್ಟು ಕಲ್ಲನ್ನು ಅಂಗಳದ ಈ ತುದಿಯಿಂದ ಆ ತುದಿಗೆ ಒಯ್ದೂ ತೋರಿಸಿದರು. ವಿಡಿಯೊದಲ್ಲಿ ಉಳಿದದ್ದು ತಿಣುಕಿದ್ದು ಮಾತ್ರ. ಜೊತೆಗೆ ಪ್ರೊಫೆಸರನ ದನಿ: “ನೋಡಿ, ಕಸುಬಿನವರೇ ಕೈಚೆಲ್ಲಿದರು. ಇನ್ನು ಆ ಕಾಲದ ಜನರಿಂದ ಆಗುತ್ತಿತ್ತೇ?”

ಲಕ್ಷ ಜನ ನೋಡಿದರು. ಹೊಸ ಶಾಲೆಯ ಹೆಬ್ಬಾಗಿಲಿಗೆ ಕಲ್ಲುಕಂಬ ನಿಲ್ಲಿಸುವ ಕೆಲಸವನ್ನು ಮೇಸ್ತ್ರಿಗೆ ಒಪ್ಪಿಸಿದ್ದ ಕಂಟ್ರಾಕ್ಟರನೂ ನೋಡಿದ. “ಬೇಜಾರು ಮಾಡ್ಕೋಬೇಡಿ. ನಿಮ್ಮೋರ ಕೈಲಿ ಅದೊಂದು ಕಲ್ಲು ಅಲುಗಾಡ್ಸೋಕೇ ಆಗ್ಲಿಲ್ಲ. ಬೇರೆಯವರಿಗೆ ಹೇಳಿದೀನಿ” ಎಂದು ಫೋನಿಟ್ಟ. ಮೂವತ್ತು ವರ್ಷದ ಕಸುಬು. ಮೇಸ್ತ್ರಿ ಅವತ್ತು ಉಳಿ ಮುಟ್ಟಲಿಲ್ಲ. ನೆಟ್ಟಗೆ ಪ್ರೊಫೆಸರನ ಮನೆಗೆ ಹೋದ.

“ಕಲ್ಲು ಸರಿಸಿದ್ದನ್ನೂ ಹಾಕ್ಬೇಕಿತ್ತು ನೀವು.”

“ಅದನ್ನ ಯಾರು ನೋಡ್ತಾರೆ ಮೇಸ್ತ್ರಿ?” ಎಂದು ಪ್ರೊಫೆಸರ್ ನಕ್ಕ.

ಮರುದಿನ ಅವನು ಭಾಷಣಕ್ಕೆಂದು ಪರವೂರಿಗೆ ಹೋದ. ಮಟಮಟ ಮಧ್ಯಾಹ್ನ ಆರೂ ಜನ ಅದೇ ಕಲ್ಲನ್ನು ಮರದ ಮೇಲೆ ಉರುಳಿಸುತ್ತ, ಬೀದಿಗುಂಟ ತಂದು, ಅವನ ಗೇಟಿಗೆ ಅಡ್ಡವಾಗಿ ಇಳಿಸಿದರು. ಹೆಂಡತಿ ಕಿಟಕಿಯಿಂದ ನೋಡಿದಳು. ಹೊರಗೆ ಬಂದಳು. ಕುಡಿಯಲು ನೀರು ತಂದುಕೊಟ್ಟಳು.

ಬೆಳಿಗ್ಗೆ ವಾಪಸಾದ ಪ್ರೊಫೆಸರ್ ಕಾರನ್ನು ಬೀದಿಯಲ್ಲೇ ಬಿಟ್ಟು ಕಲ್ಲಿಗೆ ಎರಡು ಸುತ್ತು ಬಂದ. ಬೈಗುಳಕ್ಕೆ ತಯಾರಾಗಿ ಮೇಸ್ತ್ರಿ ಎದುರಿಗೇ ನಿಂತಿದ್ದ. ಪ್ರೊಫೆಸರನ ಕಣ್ಣು ಅವನ ಮೇಲೆ ಬೀಳಲೇ ಇಲ್ಲ. ತಲೆ ಬಾಚಿಕೊಂಡು, ಕಲ್ಲಿನ ಮೇಲೆ ಕೈಯಿಟ್ಟು, ಮೊಬೈಲ್ ಹಿಡಿದ ಹೆಂಡತಿಗೆ ಸನ್ನೆ ಮಾಡಿ ಶುರುಮಾಡಿದ:

“ವೀಕ್ಷಕರೇ, ನಿನ್ನೆ ಇಲ್ಲದ ಕಲ್ಲು ಇವತ್ತು ನನ್ನ ಬಾಗಿಲಲ್ಲಿದೆ. ಕ್ರೇನ್ ಬಂದ ಗುರುತಿಲ್ಲ. ಮನುಷ್ಯರಿಂದ ಆಗುವ ಕೆಲಸವಲ್ಲ. ಬೇರೆ ಗ್ರಹದವರು ನನಗೆ ಉತ್ತರ ಕೊಟ್ಟಿದ್ದಾರೆ.”

“ಒಂಚೂರು ತಡೀರಿ” ಎಂದಳು ಹೆಂಡತಿ, ಮೊಬೈಲ್ ಇಳಿಸದೆ. “ಅವರು ಇಲ್ಲೊಂದು ಹವಾಯಿ ಚಪ್ಪಲಿ ಬಿಟ್ಟು ಹೋಗಿದಾರೆ. ಅದೂ ವಿಡಿಯೊದಲ್ಲಿ ಬರ್ಲಾ, ಬೇಡ್ವಾ?”