ಸುಡುಗಾಡಿನ ಕೆಳಗಿನ ಹಳ್ಳ

ಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಬಂಗಾರದ ಪುಡಿ ತೆಗೆಯುವುದೇ ಆ ಮನೆಯ ಬದುಕು. ಗುಡ್ಡ ಅಭಯಾರಣ್ಯವಾದ ಮೇಲೆ ಹಳ್ಳಕ್ಕಿಳಿದರೆ ಕೇಸು. ತೊಳೆಯಲು ಎಲ್ಲಿ ಬಿಡುತ್ತೀರಿ ಎಂದು ಕೇಳುತ್ತ ವಿಧವೆ ಸೊಸೆ ಅರಣ್ಯ ಕಚೇರಿಗೆ ನಾಲ್ಕು ಸಲ ಅಲೆದಳು.

"ಸುಡುಗಾಡಿನ ಕೆಳಗಿನ ಹಳ್ಳ ನಮ್ಮ ಗಡಿಯಾಗ ಬರಂಗಿಲ್ಲ," ಎಂದರು ಕೊನೆಗೆ ಕಚೇರಿಯವರು. "ಅಲ್ಲಿ ತೊಳಕೋ. ಯಾರೂ ಕೇಳಂಗಿಲ್ಲ."

ಎಂಟು ದಿನ ಮರದ ಮರಿಗೆಯಲ್ಲಿ ಬರೀ ಕಪ್ಪು ಮರಳು ಉಳಿಯಿತು. ಒಂಬತ್ತನೆಯ ದಿನ ಜೋಳದ ಕಾಳಿನಷ್ಟು ಬಂಗಾರ ಸಿಕ್ಕಿತು. ಓಡಿ ಬಂದು ಅತ್ತೆಯ ಅಂಗೈಗೆ ಹಾಕಿದಳು.

ಕಣ್ಣು ಮಂಜಾದ ಮುದುಕಿ ಅದನ್ನು ಬೆರಳಲ್ಲಿ ಹೊರಳಿಸಿದಳು.

"ಹಳ್ಳದ ಬಂಗಾರ ಹೊಟ್ಟಿನಂಗ ಚಪ್ಪಟೆ ಇರತೈತಿ. ಇದು ದುಂಡಗೈತಿ. ಸೂಜಿ ತಾ."

ಸೂಜಿ ಆಡಿಸಿದಾಗ ಮಣ್ಣು ಉದುರಿ ತೂತು ಕಂಡಿತು. ಸೊಸೆಯ ಕೈ ತನ್ನ ಬರಿ ಕೊರಳಿಗೆ ಹೋಯಿತು.

"ಅತ್ತಿ, ಇದು ನನ್ನ ತಾಳಿ ಗುಂಡು. ನಿಮ್ಮ ಮಗನ್ನ ಸುಡೂ ಮುಂದ ಬಾಯಾಗ ಇಟ್ಟಿದ್ದೆ. ತಿರುಗಿ ಹಳ್ಳಕ್ಕ ಬಿಟ್ಟು ಬರತೀನಿ, ಕೊಡ್ರಿ."

ಮುದುಕಿ ಮುಷ್ಟಿ ಬಿಚ್ಚಲಿಲ್ಲ.

"ನಾಳೆ ಅಲ್ಲೇ ಸ್ವಲ್ಪ ಕೆಳಗ ತೊಳಿ," ಎಂದಳು. "ಅವನ ಬಾಯಾಗ ನನ್ನ ಮೂಗುತಿನೂ ಇಟ್ಟಿದ್ದೆ."