ಹುಳುಮನೆಯ ರೂಲ್ಸು

ರೇಷ್ಮೆ ಹುಳುಗಳು ಸೊಪ್ಪು ಮೇಯುವ ಸರಸರ ಸದ್ದಿನ ನಡುವೆಯೇ ಅಪ್ಪ ನನಗೆ ಪಾಠ ಹೇಳುತ್ತಿದ್ದರು. ಇವತ್ತಿಗೂ ಹಿಪ್ಪುನೇರಳೆಯ ಹಸಿ ವಾಸನೆ ಬಂದರೆ ಶಿಡ್ಲಘಟ್ಟದ ಆ ಮಧ್ಯಾಹ್ನವೇ ಕಣ್ಣಮುಂದೆ.

ಸ್ಕೂಲ್ ಇನ್‌ಸ್ಪೆಕ್ಟರು ನೋಟಿಸ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಮಗೂನ ಸ್ಕೂಲಿಗೆ ಕಳಿಸ್ಲೇಬೇಕು. ರೂಲ್ಸು."

"ನನ್ ಮಗಳು ಎಲ್ಲಿ ಕಲೀಬೇಕು ಅಂತ ಸರ್ಕಾರ ಹೇಳೋದೇನ್ರೀ?" ಅಪ್ಪ ರೇಗಿದರು.

ಅಮ್ಮ ಚೊಂಬಿನಲ್ಲಿ ನೀರು ತಂದಳು. "ಹುಳುಮನೆಗೂ ರೂಲ್ಸಿದೆ ಸ್ವಾಮಿ, ಹುಳುಗಳಿಗೆ ರೋಗ ತಗಲ್ಬಾರ್ದು. ಕಾಲು ತೊಳ್ಕೊಂಡು ಬನ್ನಿ, ಅವಳನ್ನೇ ಕೇಳಿ."

ಪ್ಯಾಂಟು ಮಡಚಿ, ಕಾಲು ತೊಳೆದು ಬಂದವರಿಗೆ ನಾನು ಇಂಗ್ಲಿಷ್ ರೀಡರಿನ ಒಂದು ಪೇಜ್ ಓದಿದೆ. ನೋಟಿಸ್ ಜೇಬು ಸೇರಿತು. "ಪರೀಕ್ಷೆಗೆ ಮಾತ್ರ ಕೂರಿಸಿ" ಎಂದರು.

ಪಾಸಾಗಿ, ನಾನೇ ಹಟ ಹಿಡಿದು ಕಾನ್ವೆಂಟಿಗೆ ಹೊರಟ ದಿನ ಬಸ್ ಸ್ಟ್ಯಾಂಡಿನಲ್ಲಿ ಆ ಇನ್‌ಸ್ಪೆಕ್ಟರನ್ನು ಕೊನೆಯ ಸಲ ಕಂಡೆ. ನನ್ನ ಹೊಸ ಶೂ ನೋಡಿ ನಕ್ಕರು. "ಅಲ್ಲಿ ಯಾರೂ ಕಾಲು ತೊಳ್ಸಲ್ಲ ಕಣಮ್ಮ. ನಿಮ್ಮನೆ ರೂಲ್ಸು ಮರೀಬೇಡ."